ಗೋಡೆ ಆಮೇಲೆ, ಮೊದಲು ಸೀಮೆಸುಣ್ಣ

ಹೋಟೆಲ್‌ಗಳ ಒಳಗಿನ ನಕ್ಷೆ ಮಾಡಿಕೊಡುವುದು ನನ್ನ ಕೆಲಸ. ಹೋಟೆಲ್ ಮಾಡ್ತೀನಿ ಅಂತ ಬರುವವರು ಕೂತ ಕೂಡಲೇ ಮೊಬೈಲ್ ತೆಗೆಯುತ್ತಾರೆ. ಅದರಲ್ಲಿ ನಲವತ್ತು ಫೋಟೋ ಇರುತ್ತವೆ. ಇಟ್ಟಿಗೆ ಗೋಡೆ, ನೇತಾಡುವ ಬಲ್ಬು, ಪ್ಲಾಸ್ಟಿಕ್ ಬಳ್ಳಿ, ನಿಯಾನ್ ಬೆಳಕಿನಲ್ಲಿ ಏನೋ ಒಂದು ಇಂಗ್ಲಿಷ್ ಸಾಲು. ಹೋದ ವರ್ಷ ಬಂದ ಹುಡುಗನೂ ಹಾಗೇ. ಬೆಂಗಳೂರಿನ ಕೆಲಸ ಬಿಟ್ಟು ಚಿಕ್ಕಮಗಳೂರಿಗೆ ವಾಪಸ್ ಬಂದಿದ್ದ. ಐ.ಜಿ. ರಸ್ತೆಯ ಪಕ್ಕದ ಅಡ್ಡರಸ್ತೆಯಲ್ಲಿ ಬಾಡಿಗೆಗೆ ಮಳಿಗೆ ಹಿಡಿದಿದ್ದ. ಅಕ್ಕಿ ರೊಟ್ಟಿ, ಕಡುಬು, ನೀರ್ ದೋಸೆ, ಕಾಫಿ. ಅಷ್ಟೇ ಮೆನು. ಮಳಿಗೆ 12 ಅಡಿ ಅಗಲ, 30 ಅಡಿ ಉದ್ದ.

‘ಸರ್, 24 ಸೀಟ್ ಬೇಕು. ಈ ಗೋಡೆಗೆ ಏನ್ ಮಾಡೋಣ?’ ಅಂದ.

ಗೋಡೆ ಆಮೇಲೆ ಅಂದೆ. ಪಕ್ಕದ ಅಂಗಡಿಯಿಂದ ಒಂದು ಡಬ್ಬಿ ಸೀಮೆಸುಣ್ಣ ತರಿಸಿದೆ.

ಸಣ್ಣ ಹೋಟೆಲ್‌ನಲ್ಲಿ ನಾನು ಮೊದಲು ನೋಡುವುದು ತಟ್ಟೆ ಓಡಾಡುವ ದಾರಿ. ಒಲೆಯಿಂದ ಮೇಜಿಗೆ ಬಿಸಿ ತಟ್ಟೆ ಬರಬೇಕು. ಮೇಜಿನಿಂದ ತೊಳೆಯುವ ಜಾಗಕ್ಕೆ ಎಂಜಲು ತಟ್ಟೆ ಹೋಗಬೇಕು. ಗಿರಾಕಿ ಬಾಗಿಲಿನಿಂದ ಕುರ್ಚಿಗೆ, ಕುರ್ಚಿಯಿಂದ ಕೈ ತೊಳೆಯಲು, ಅಲ್ಲಿಂದ ಗಲ್ಲಾಕ್ಕೆ ಬರಬೇಕು. ಈ ಮೂರು ದಾರಿ ಒಂದಕ್ಕೊಂದು ಅಡ್ಡ ಬಂದರೆ ಗೋಡೆಗೆ ಚಿನ್ನದ ರೇಕು ಹಚ್ಚಿದರೂ ಜನರಿಗೆ ಕೂತು ತಿಂದ ಸಮಾಧಾನ ಇರುವುದಿಲ್ಲ. ಯಾಕೆ ಅಂತ ಅವರಿಗೂ ಗೊತ್ತಾಗಲ್ಲ. ಸುಮ್ನೆ ಇನ್ನೊಂದು ಸಲ ಬರಲ್ಲ, ಅಷ್ಟೇ.

ನೆಲದ ಮೇಲೆ ಗೆರೆ ಎಳೆದೆವು. ಹಿಂದಿನ 10 ಅಡಿ ಅಡುಗೆಮನೆ. ಅದರ ಮುಂದೆ 3 ಅಡಿ ತಟ್ಟೆ ತೊಳೆಯಲು ಮತ್ತು ವಾಶ್ ಬೇಸಿನ್‌ಗೆ. ಮುಂದುಗಡೆ 4 ಅಡಿ ಗಲ್ಲಾ ಮತ್ತು ಬಾಗಿಲಿಗೆ. ಉಳಿದದ್ದು 13 ಅಡಿ. ಹುಡುಗನ ಮುಖ ಸಣ್ಣಗಾಯಿತು. ಅವನ ಲೆಕ್ಕದ 24 ಕುರ್ಚಿಯನ್ನೂ ಆ 13 ಅಡಿಯಲ್ಲೇ ಗೆರೆ ಹಾಕಿ ತೋರಿಸಿದೆ. ಅವನು ಮೊದಲೇ ಗೊತ್ತು ಮಾಡಿಕೊಂಡಿದ್ದ ಸಪ್ಲೈಯರ್ ಒಬ್ಬರು ಅವತ್ತು ಜೊತೆಗಿದ್ದರು. ಕುಂದಾಪುರದ ಕಡೆಯವರು, ಹತ್ತಾರು ಹೋಟೆಲ್ ಕಂಡವರು. ಅವರ ಕೈಗೆ ಒಂದು ಹಲಗೆ ಕೊಟ್ಟು, ಮೇಲೆ ನಾಲ್ಕು ಲೋಟ ನೀರಿಟ್ಟು, ಗೆರೆ ತುಳಿಯದೆ ಕೊನೆಯ ಮೇಜಿಗೆ ಹೋಗಿ ಅಂದೆ. ಎರಡನೇ ಮೇಜು ದಾಟುವಷ್ಟರಲ್ಲಿ ನಿಂತರು.

‘ಇಲ್ಲಿ ಕೂತವರ ಬೆನ್ನು ನನ್ನ ಹೊಟ್ಟೆಗೆ ತಾಗ್ತದೆ ಸಾರ್. ಸಾಂಬಾರ್ ಇದ್ದರೆ ಅವರ ತಲೆ ಮೇಲೆ.’

ಓಡಾಡಲು 3 ಅಡಿ ಬೇಕೇ ಬೇಕು. ಎರಡೂವರೆಗೆ ಇಳಿಸಿದರೆ ಒಬ್ಬ ಹೋಗಬಹುದು, ಎದುರಿಗೆ ಇನ್ನೊಬ್ಬ ಬಂದರೆ ಇಬ್ಬರೂ ಅಡ್ಡ ತಿರುಗಬೇಕು. ಹಾಗಾಗಿ ಒಂದು ಪಕ್ಕದ ಗೋಡೆಗೆ ಉದ್ದಕ್ಕೂ ಬೆಂಚು ಹಾಕಿದೆವು. ಕುರ್ಚಿ ಅಂದರೆ ಏಳುವಾಗ ಹಿಂದಕ್ಕೆ ತಳ್ಳಬೇಕು, ಅದಕ್ಕೇ ಮುಕ್ಕಾಲು ಅಡಿ, ಒಂದಡಿ ಬೇಕು. ಬೆಂಚಿಗೆ ಆ ಕಾಟ ಇಲ್ಲ. ಬೆಂಚಿನ ಮುಂದೆ ಎರಡಡಿ ಚೌಕದ ಐದು ಮೇಜು, ಆಚೆ ಬದಿಗೆ ಐದು ಕುರ್ಚಿ. ಎದುರು ಗೋಡೆಗೆ ಕಾಲಿಲ್ಲದ ಪಟ್ಟಿ ಮೇಜು, 15 ಇಂಚು ಅಗಲ, ಅದಕ್ಕೆ ಆರು ಸ್ಟೂಲು. ಒಟ್ಟು 16 ಸೀಟು. ಎಂಟು ಸೀಟು ಹೋಯಿತಲ್ಲ ಅಂತ ಹುಡುಗ ಕೊರಗಿದ. ನಾನು ಹೇಳಿದ್ದಿಷ್ಟು: ಬೆಳಗ್ಗೆ ಎಂಟರಿಂದ ಹತ್ತರೊಳಗೆ ಒಂದು ಸೀಟಿಗೆ ನಾಲ್ಕು ಸಲ ಜನ ಬದಲಾದರೆ ನಿನ್ನ ಲೆಕ್ಕ ಸರಿಹೋಗುತ್ತದೆ. ಸಪ್ಲೈಯರ್ ಸಿಕ್ಕಿಹಾಕಿಕೊಂಡರೆ ಎರಡು ಸಲವೂ ಬದಲಾಗಲ್ಲ.

ಮೇಜು ಎರಡಡಿ ಚೌಕವೇ ಯಾಕೆ? ನಮ್ಮೂರಿನ ಹೋಟೆಲ್‌ಗೆ ಎರಡು ಥರದ ಜನ. ಸೋಮವಾರದಿಂದ ಶುಕ್ರವಾರದವರೆಗೆ ಕೋರ್ಟು, ಬ್ಯಾಂಕು, ತೋಟದ ಕೆಲಸಕ್ಕೆ ಪೇಟೆಗೆ ಬಂದವರು. ಒಬ್ಬರೋ ಇಬ್ಬರೋ ಬಂದು, ತಿಂದು, ಹೋಗುವವರು. ಶನಿವಾರ ಭಾನುವಾರ ಬೇರೆಯೇ ಲೋಕ. ಮುಳ್ಳಯ್ಯನಗಿರಿಯಲ್ಲಿ ಸೂರ್ಯೋದಯ ನೋಡಿ, ಕೈಮರದ ಕಡೆಯಿಂದ ಇಳಿದು, ಹಸಿದು ಬರುವ ಎಂಟೆಂಟು ಜನರ ಗುಂಪು. ನಾಲ್ಕು ಜನರ ದೊಡ್ಡ ಮೇಜು ಹಾಕಿದರೆ ವಾರದ ದಿನ ಒಬ್ಬರೇ ಕೂತು ಮೂರು ಜಾಗ ಖಾಲಿ. ಸಣ್ಣ ಮೇಜಾದರೆ ಇಬ್ಬರಿಗೆ ಒಂದು, ಗುಂಪಿಗೆ ನಾಲ್ಕು ಸೇರಿಸಿ ಒಂದು. ಬಾಳೆಲೆ ಊಟ ಹಾಕುವವರಿಗೆ ಮಾತ್ರ ಈ ಲೆಕ್ಕ ಆಗದು. ಎಲೆಗೆ ತಲಾ ಎರಡಡಿ ಅಗಲ ಬೇಕು, ಎದುರುಬದುರು ಕೂರಿಸಿದರೆ ಆಳವೂ ಬೇಕು.

ಮೇಜು ಸರಿದಾಡುತ್ತದೆ ಅಂದಮೇಲೆ ನೇತಾಡುವ ದೀಪ ಬೇಡ. ಇದನ್ನು ನಾನು ದುಡ್ಡು ಕೊಟ್ಟು ಕಲಿತೆ, ಅದೂ ಗಿರಾಕಿಯ ದುಡ್ಡು. ಹಿಂದೆ ಒಂದು ಕೆಫೆಗೆ ಪ್ರತಿ ಮೇಜಿನ ಮೇಲೂ ಚೆಂದದ ಬಿದಿರಿನ ದೀಪ ಇಳಿಬಿಟ್ಟಿದ್ದೆ. ಒಂದು ಗುಂಪು ಬಂದು ಮೇಜು ಎಳೆದುಕೊಂಡಿತು, ದೀಪ ನಡುದಾರಿಯಲ್ಲಿ ಉಳಿಯಿತು. ಎತ್ತರದ ಒಬ್ಬರ ಹಣೆಗೆ ಬಡಿಯಿತು. ಒಂದೇ ತಿಂಗಳಲ್ಲಿ ಯಜಮಾನರು ಎಲ್ಲಾ ದೀಪವನ್ನೂ ಮೇಲಕ್ಕೆ ಗಂಟು ಹಾಕಿ ಕಟ್ಟಿದರು. ಆ ಗಂಟುಗಳನ್ನು ನೋಡಲು ಮನಸ್ಸಾಗದೆ ನಾನು ಸ್ವಲ್ಪ ದಿನ ಆ ಕಡೆ ಹೋಗಲಿಲ್ಲ. ಈಗ ಸೂರಿಗೆ ಟ್ರ್ಯಾಕ್ ಹಾಕಿ, ಬೇಕಾದ ಕಡೆ ತಿರುಗಿಸುವ ದೀಪ ಕೊಡುತ್ತೇನೆ.

ಬೆಳಕಿನ ಬಣ್ಣದ ಬಗ್ಗೆ ಸ್ವಲ್ಪ ಹಟ ಮಾಡುತ್ತೇನೆ. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಇಳಿದಷ್ಟೂ ಬೆಳಕು ಹಳದಿ. ಅಂಗಡಿಯಲ್ಲಿ ಸುಮ್ನೆ ಎಲ್‌ಇಡಿ ಕೇಳಿದರೆ 6500 ಕೆಲ್ವಿನ್‌ನ ಬಿಳಿ ಬಲ್ಬು ಕೊಡುತ್ತಾರೆ. ಅದರಡಿ ನೀರ್ ದೋಸೆ ನೀಲಿ ಹೊಡೆಯುತ್ತದೆ, ಸಾಂಬಾರ್ ಬೂದಿ ಬಣ್ಣ ಆಗುತ್ತದೆ, ಕಾಫಿ ಡಿಕಾಕ್ಷನ್ ಸತ್ತ ಹಾಗೆ ಕಾಣುತ್ತದೆ. ಮೇಜಿನ ಮೇಲೆ 2700ರಿಂದ 3000 ಕೆಲ್ವಿನ್ ಸಾಕು. ಡಬ್ಬಿ ಮೇಲೆ ಸಿಆರ್‌ಐ ಅಂತ ಬರೆದಿರುತ್ತದೆ, ಅದು 90ರ ಮೇಲಿರಲಿ. ವಸ್ತುವಿನ ನಿಜವಾದ ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆ ಅನ್ನುವ ಅಳತೆ ಅದು. ಬಲ್ಬಿಗೆ ಸ್ವಲ್ಪ ಜಾಸ್ತಿ ಆಗುತ್ತದೆ ನಿಜ. ಆದರೆ ಮೆಣಸಿನಕಾಯಿ ಚಟ್ನಿ ಕೆಂಪಗೆ ಕಾಣುತ್ತದೆ, ಅಲ್ವಾ? ಅಡುಗೆಮನೆಯಲ್ಲಿ ಮಾತ್ರ ಬಿಳಿ ಬೆಳಕೇ ಇರಲಿ. ಕಲ್ಲು, ಕೂದಲು, ಕೊಳೆ ಭಟ್ಟರಿಗೆ ಕಾಣಬೇಕು.

ಇನ್ನು ಮಳೆ. ಮಲೆನಾಡಿನಲ್ಲಿ ಹೋಟೆಲ್ ಮಾಡುವವರಿಗೆ ಬೆಂಗಳೂರಿನ ಫೋಟೋ ಕೈಕೊಡುವುದು ಇಲ್ಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳಗೆ ಬರುವ ಪ್ರತಿಯೊಬ್ಬರ ಕೈಯಲ್ಲೂ ಛತ್ರಿಯೋ, ರೇನ್‌ಕೋಟೋ, ಹೆಲ್ಮೆಟ್ಟೋ ಇರುತ್ತದೆ. ಅದನ್ನು ಎಲ್ಲಿಡಬೇಕು? ಜಾಗ ಕೊಡದಿದ್ದರೆ ಹೆಲ್ಮೆಟ್ ಪಕ್ಕದ ಕುರ್ಚಿ ಮೇಲೆ ಕೂರುತ್ತದೆ. 16 ಸೀಟಿನಲ್ಲಿ ನಾಲ್ಕು ಸೀಟು ಹೆಲ್ಮೆಟ್‌ಗೇ ಹೋಯಿತು. ನಾವು ಬಾಗಿಲ ಪಕ್ಕ ಛತ್ರಿಗೆ ಒಂದು ತಗಡಿನ ತೊಟ್ಟಿ ಮಾಡಿಸಿ, ತಳದಿಂದ ಸಣ್ಣ ಪೈಪು ಎಳೆದು ಚರಂಡಿಗೆ ಬಿಟ್ಟೆವು. ಬೆಂಚಿನ ಮೇಲುಗಡೆ, ಕೂತವರ ತಲೆಗೆ ತಾಗದ ಎತ್ತರದಲ್ಲಿ, ಹೆಲ್ಮೆಟ್‌ಗೆ ಒಂದು ಹಲಗೆ. ಬಾಗಿಲ ಒಳಗೆ ಮೊದಲ ಮೂರಡಿ ನೆಲವನ್ನು ಒಂದು ಇಂಚು ತಗ್ಗಿಸಿ ರಬ್ಬರ್ ಮ್ಯಾಟ್ ಕೂರಿಸಿದೆವು. ಹೊಳೆಯುವ ಟೈಲ್ಸ್ ಹಾಕಿದ ಹೋಟೆಲ್‌ಗಳಲ್ಲಿ ಮಳೆಗಾಲ ಪೂರ್ತಿ ಹಳೇ ಗೋಣಿಚೀಲ ಹಾಸಿರುತ್ತಾರೆ ನೋಡಿ. ಲಕ್ಷ ಕೊಟ್ಟು ಹಾಕಿಸಿದ ನೆಲ ಚೀಲದಡಿ! ಹೊಳಪಿಲ್ಲದ, ಒರಟು ಮೈಯ ಟೈಲ್ಸ್ ಹಾಕಿ, ಸಂದಿಗೆ ಎಪಾಕ್ಸಿ ಅನ್ನುವ ಗಟ್ಟಿ ಅಂಟು ತುಂಬಿಸಿ. ಬರೀ ಸಿಮೆಂಟು ತುಂಬಿದರೆ ಅರಿಸಿನ, ಎಣ್ಣೆ ಕುಡಿದು ಆರು ತಿಂಗಳಲ್ಲಿ ಕಪ್ಪಾಗುತ್ತದೆ.

ಗೋಣಿಚೀಲ ಅಂದಾಗ ನೆನಪಾಯಿತು. ಕಾಫಿ ಊರು ಅಂತ ಗೋಡೆಗೆ ಕಾಫಿ ಚೀಲ ಹೊಡೆಸುವ ಆಸೆ ಬಹಳ ಜನಕ್ಕೆ. ನಾನೂ ಒಂದು ಕಡೆ ಮಾಡಿಸಿದ್ದೆ. ಡಿಸೆಂಬರ್‌ನಲ್ಲಿ ಎಲ್ಲರೂ ಅದರ ಮುಂದೆ ಸೆಲ್ಫಿ ತೆಗೆದರು. ಆಗಸ್ಟ್‌ನಲ್ಲಿ ಬೂಸಲು ಹಿಡಿದು, ಒದ್ದೆ ನಾಯಿ ವಾಸನೆ ಶುರುವಾಯಿತು. ಕಿತ್ತು ಹಾಕಿದೆವು. ಪ್ಲೈವುಡ್‌ನದೂ ಅದೇ ಕಥೆ. ಕಡಿಮೆಗೆ ಸಿಗುವ ಕಮರ್ಷಿಯಲ್ ಪ್ಲೈ ನಮ್ಮ ಥಂಡಿಗೆ ಉಬ್ಬುತ್ತದೆ. ನೀರು ತಾಗುವ ಕಡೆ ಐಎಸ್ 710 ಮುದ್ರೆ, ಅಂದರೆ ನೀರು ತಡೆಯುವ ಮರೀನ್ ಪ್ಲೈನ ಗುರುತು, ಇರುವುದನ್ನೇ ಕೇಳಿ. ಬೆಂಚಿಗೆ, ಮೇಜಿನ ಕಾಲಿಗೆ ನಾನು ಸಿಲ್ವರ್ ಓಕ್ ಬಳಸುತ್ತೇನೆ. ಕಾಫಿ ತೋಟದಲ್ಲಿ ನೆರಳಿಗೆ ನೆಟ್ಟು, ಕಾಳುಮೆಣಸಿನ ಬಳ್ಳಿ ಹಬ್ಬಿಸುವ ಅದೇ ಮರ. ಸುಲಭಕ್ಕೆ ಸಿಗುತ್ತದೆ, ಎಳೆ ನೋಡಲು ಚೆಂದ. ಹುಳ ಬೀಳದ ಹಾಗೆ ಔಷಧಿ ಹೊಡೆಸಿ, ಚೆನ್ನಾಗಿ ಒಣಗಿಸಿ ಬಳಸಬೇಕು, ಅಷ್ಟೇ. ಕೈಯಲ್ಲಿ ಜಾಸ್ತಿ ಇದ್ದರೆ ಹಲಸು. ವರ್ಷ ಕಳೆದಂತೆ ಹಳದಿ ಬಣ್ಣ ಕಂದಾಗಿ ಇನ್ನೂ ಚೆಂದ ಆಗುತ್ತದೆ.

ಮೇಜಿನ ಮೇಲ್ಭಾಗಕ್ಕೆ ಕಡಪ ಕಲ್ಲು ಬೇಡ. ಕರಿ ಬಣ್ಣ, ಕಡಿಮೆ ಬೆಲೆ, ಎಲ್ಲಾ ಸರಿ. ಆದರೆ ಅದು ಸುಣ್ಣದ ಜಾತಿಯ ಕಲ್ಲು, ಹುಳಿಗೆ ಆಗಿಬರಲ್ಲ. ಒಂದು ಹೋಳು ನಿಂಬೆಹಣ್ಣು ರಾತ್ರಿ ಬಿಟ್ಟು ಬೆಳಗ್ಗೆ ನೋಡಿ, ಬಿಳಿ ಮಚ್ಚೆ. ಹುಣಿಸೆ ರಸಕ್ಕೂ ಹಾಗೇ. ಗ್ರಾನೈಟ್ ಹಾಕಿಸಿ ನೆಮ್ಮದಿಯಾಗಿರಿ.

ಬೆಂಚಿನ ಹಿಂದಿನ ಗೋಡೆಗೂ ಒಂದು ಮಾತು. ಬಿಳಿ ಡಿಸ್ಟೆಂಪರ್ ಹೊಡೆಸಿದ ಯಾವ ಹೋಟೆಲ್‌ನಲ್ಲಾದರೂ ಬೆಂಚಿನ ಹಿಂದೆ ಕಣ್ಣು ಹಾಯಿಸಿ. ನಾಲ್ಕಡಿ ಆಸುಪಾಸಿನಲ್ಲಿ ಸಾಲಾಗಿ ಕಂದು ಚಂದ್ರರು ಮೂಡಿರುತ್ತಾರೆ. ಎಣ್ಣೆ ತಲೆ ಒರಗಿದ ಗುರುತು! ಹಾಗಾಗಿ ನೆಲದಿಂದ ನಾಲ್ಕೂವರೆ ಅಡಿವರೆಗೆ ಟೈಲ್ಸೋ, ಮರದ ಹಲಗೆಯೋ, ಒರೆಸಿದರೆ ಹೋಗುವ ಆಯಿಲ್ ಪೇಂಟೋ ಇರಲಿ. ಕನ್ನಡಿ ಹಾಕಿದರೆ ಜಾಗ ದೊಡ್ಡದಾಗಿ ಕಾಣುತ್ತದೆ ಅನ್ನುವುದು ನಿಜ, ಆದರೆ ಎತ್ತರ ತಪ್ಪಬಾರದು. ಎದುರಿಗೇ ತನ್ನ ಮುಖ ಕಾಣುತ್ತಾ ಕಡುಬು ನುಂಗಲು ಯಾರಿಗೂ ಇಷ್ಟ ಇರಲ್ಲ. ಐದಡಿ ಮೇಲಿಂದ ಶುರು ಮಾಡಿ, ಬೀದಿಯ ಬೆಳಕು ಬೀಳುವ ಹಾಗೆ ಸ್ವಲ್ಪ ಮುಂದಕ್ಕೆ ಬಾಗಿಸಿ. ವಾಶ್ ಬೇಸಿನ್ ಮೇಲೆ ಕನ್ನಡಿಯೇ ಬೇಡ. ಅಲ್ಲಿ ತಲೆ ಬಾಚುವವರಿಂದಾಗಿ ಹಿಂದೆ ಕ್ಯೂ ನಿಲ್ಲುತ್ತದೆ.

ಬೇಲೂರು 25 ಕಿಲೋಮೀಟರ್ ದೂರ ಅಂತ ಫೈಬರ್ ಶಿಲಾಬಾಲಿಕೆ ತಂದು ಮೂಲೆಯಲ್ಲಿ ನಿಲ್ಲಿಸುವವರೂ ಇದ್ದಾರೆ. ದೇವಸ್ಥಾನದಲ್ಲಿ ಅವರು ಸೂರಿನಡಿ, ಎತ್ತರದಲ್ಲಿ ಇದ್ದಾರೆ. ಇಲ್ಲಿ ಟಿಶ್ಯೂ ಬುಟ್ಟಿ ಪಕ್ಕ ನಿಲ್ಲಿಸಿದರೆ ಪಾಪ ಅನಿಸುತ್ತದೆ. ಒಂದು ಸೀಟಿನ ಜಾಗವೂ ಹೋಗುತ್ತದೆ.

ಸದ್ದು ಮತ್ತು ಘಾಟು, ಇವೆರಡು ಫೋಟೋದಲ್ಲಿ ಕಾಣಲ್ಲ, ಹಾಗಾಗಿ ಯಾರೂ ಕೇಳಲ್ಲ. ಕಾಂಕ್ರೀಟ್ ಸೂರು, ಟೈಲ್ಸ್ ನೆಲ, ಗ್ರಾನೈಟ್ ಮೇಜು. ಸ್ಟೀಲ್ ಲೋಟ ಇಟ್ಟರೆ ಗಂಟೆ ಹೊಡೆದಂತೆ ಆಗುತ್ತದೆ. ಸೂರಿಗೆ ಎರಡು ಇಂಚು ದಪ್ಪದ ರಾಕ್‌ವುಲ್ (ಕಲ್ಲು ಕರಗಿಸಿ ಮಾಡಿದ ನಾರು) ಹಲಗೆಗೆ ಬಟ್ಟೆ ಸುತ್ತಿ, ಅಲ್ಲಲ್ಲಿ ಕೂರಿಸಿದರೆ ಬಹಳಷ್ಟು ತಗ್ಗುತ್ತದೆ. ಅದಕ್ಕೂ ಮೊದಲು ಎರಡು ಅಗ್ಗದ ಕೆಲಸ ಮಾಡಿ. ಕುರ್ಚಿ ಕಾಲಿಗೆ ರಬ್ಬರ್ ಬುರುಡೆ, ಎಂಜಲು ತಟ್ಟೆ ಹಾಕುವ ಟಬ್ಬಿನ ತಳಕ್ಕೆ ರಬ್ಬರ್ ಶೀಟು. ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತದೆ.

ಘಾಟಿನ ವಿಷಯದಲ್ಲಿ ಎಲ್ಲರೂ ದೊಡ್ಡ ಎಕ್ಸಾಸ್ಟ್ ಫ್ಯಾನ್ ಹಾಕಿ ಮುಗಿಯಿತು ಅಂದುಕೊಳ್ಳುತ್ತಾರೆ. ಒಲೆಯ ಮೇಲಿನ ಚಿಮಣಿ ಒಲೆಗಿಂತ ಪ್ರತಿ ಬದಿಗೂ ಅರ್ಧ ಅಡಿ ಹೊರಗೆ ಚಾಚಿರಬೇಕು. ಹೊರಗೆ ಹೋದಷ್ಟು ಗಾಳಿ ಎಲ್ಲಿಂದಲಾದರೂ ಒಳಗೆ ಬರಲೂಬೇಕು. ದಾರಿ ಇಲ್ಲದಿದ್ದರೆ ಫ್ಯಾನ್ ಸುಮ್ನೆ ಗೊರಗುಟ್ಟುತ್ತದೆ, ಒಗ್ಗರಣೆ ಮೆಣಸಿನಕಾಯಿ ಘಾಟು ಹಾಲ್‌ಗೆ ನುಗ್ಗುತ್ತದೆ. ಪರೀಕ್ಷೆಗೆ ಇಂಜಿನಿಯರ್ ಬೇಡ. ಫ್ಯಾನ್ ಹಾಕಿ, ಅಡುಗೆಮನೆ ಬಾಗಿಲಲ್ಲಿ ಒಂದು ಊದುಬತ್ತಿ ಹಿಡಿದು ನಿಲ್ಲಿ. ಹೊಗೆ ಒಲೆಯ ಕಡೆ ಬಾಗಿದರೆ ಸರಿ. ನಿಮ್ಮ ಗಿರಾಕಿಯ ಕಡೆ ಬಂದರೆ ಗಾಳಿಯ ಲೆಕ್ಕ ಎಲ್ಲೋ ತಪ್ಪಿದೆ ಅಂತ ಅರ್ಥ. ಈ ಹುಡುಗನ ಹೋಟೆಲ್‌ನಲ್ಲಿ ಮೊದಲ ಸಲ ಹೊಗೆ ನೇರ ನಮ್ಮ ಮುಖಕ್ಕೇ ಬಂತು.

ಮೆನು ಬೋರ್ಡಿನ ಅಕ್ಷರಕ್ಕೆ ಕಂಪ್ಯೂಟರ್‌ನವರು ಇಂಗ್ಲಿಷ್ ಲೆಕ್ಕ ಹಾಕುತ್ತಾರೆ: 10 ಅಡಿ ದೂರಕ್ಕೆ ಒಂದು ಇಂಚು. ಕನ್ನಡಕ್ಕೆ ಅದು ಸಾಲದು. ನಮಗೆ ಒತ್ತಕ್ಷರ ಇದೆ, ಕೆಳಗೆ ಜಾಗ ಬೇಕು. ಸಾಲು ಹತ್ತಿರ ಮಾಡಿದರೆ ‘ರೊಟ್ಟಿ’ಯ ಒತ್ತು ಕೆಳಗಿನ ‘ಕಡುಬು’ ಮೇಲೆ ಕೂರುತ್ತದೆ. ಅಕ್ಷರ ಒಂದೂವರೆ ಇಂಚು ಮಾಡಿ, ಐಟಂ ಕಡಿಮೆ ಮಾಡಿ.

ಬಾಡಿಗೆ ಮಳಿಗೆ ಅಂದಮೇಲೆ ಕಿತ್ತುಕೊಂಡು ಹೋಗಲು ಆಗುವುದಕ್ಕೇ ಜಾಸ್ತಿ ಖರ್ಚು ಮಾಡಿ. ಬೆಂಚನ್ನು ನಾಲ್ಕಡಿಯ ಮೂರು ತುಂಡಾಗಿ ಮಾಡಿಸಿದ್ದು ಅದಕ್ಕೇ. ಮೇಜು, ದೀಪ, ಚಿಮಣಿ ಎಲ್ಲವೂ ನಾಳೆ ಟೆಂಪೋ ಹತ್ತುತ್ತವೆ. ಗೋಡೆಗೆ ಅಂಟಿಸಿದ ಕಲ್ಲು ಮಾಲೀಕರಿಗೆ ಉಳಿಯುತ್ತದೆ.

ಬಾಗಿಲು ತೆಗೆಯುವ ಹಿಂದಿನ ಸಂಜೆ ನಾವು ಮೂವರೂ 16 ಸೀಟಿನಲ್ಲೂ ಒಂದೊಂದು ನಿಮಿಷ ಕೂತೆವು. ಕೈಯಲ್ಲಿ ಕಾಫಿ ಲೋಟ. ಹನ್ನೆರಡನೇ ಸೀಟಿನಲ್ಲಿ ಕೂತ ಸಪ್ಲೈಯರ್ ಲೋಟ ಕೆಳಗಿಟ್ಟರು.

‘ಇಲ್ಲಿಂದ ಎಂಜಲು ಟಬ್ಬೇ ಕಾಣ್ತದೆ ಸಾರ್.’

ನಕ್ಷೆ ಬರೆದ ನನಗೆ ಅದು ಹೊಳೆದಿರಲಿಲ್ಲ. ರಾತ್ರಿ ಹತ್ತಕ್ಕೆ ಬಡಗಿಯನ್ನು ಕರೆಸಿ, ಉಳಿದಿದ್ದ ಸಿಲ್ವರ್ ಓಕ್ ಹಲಗೆಯಲ್ಲಿ ನಾಲ್ಕೂವರೆ ಅಡಿಯ ಒಂದು ಮರೆ ನಿಲ್ಲಿಸಿದೆವು. ಬೆಳಗ್ಗೆ ಅದಕ್ಕೆ ಇನ್ನೂ ವಾರ್ನಿಶ್ ಆಗಿರಲಿಲ್ಲ. ಮೊದಲ ಗಿರಾಕಿ ಬಂದವರು ನೇರ ಹೋಗಿ ಅದೇ ಸೀಟಿನಲ್ಲಿ ಕೂತರು.