‘ನನ್ನ ಪಾಡಿಗೆ ಬಿಡಿ’ ಅನ್ನುವ ಮೊದಲು

ಫಾರ್ಮುಲಾ ಒನ್ ಡ್ರೈವರ್ ಕಿಮಿ ರೈಕೊನೆನ್ ರೇಸಿನ ಮಧ್ಯೆ ತಂಡದ ರೇಡಿಯೊದಲ್ಲಿ ಹೇಳಿದ ಒಂದು ಮಾತು ರೇಸಿಂಗ್ ಹುಡುಗರಿಗೆಲ್ಲ ಬಾಯಿಪಾಠ. 2012ರ ಅಬುಧಾಬಿ ರೇಸ್. ಹಿಂದೆ ಬರುತ್ತಿದ್ದ ಎದುರಾಳಿ ಅಲೊನ್ಸೊ ಎಷ್ಟು ದೂರದಲ್ಲಿದ್ದಾರೆ ಅಂತ ತಂಡದ ಎಂಜಿನಿಯರ್ ಹೇಳಲು ಹೊರಟರು. ಕಿಮಿ ಸಿಡುಕಿಬಿಟ್ಟರು: ನನ್ನ ಪಾಡಿಗೆ ನನ್ನನ್ನು ಬಿಡಿ, ಏನು ಮಾಡ್ತಿದ್ದೀನಿ ಅಂತ ನನಗೆ ಗೊತ್ತು. ಆಮೇಲೆ ರೇಸನ್ನೂ ಗೆದ್ದರು.

ಆಗ ಅವರಿಗೆ 33 ವರ್ಷ. ವಿಶ್ವ ಚಾಂಪಿಯನ್ ಆಗಿ ಐದು ವರ್ಷ ಕಳೆದಿತ್ತು. ಈ ಭಾಗ ಮಾತ್ರ ಯಾರಿಗೂ ನೆನಪಿರುವುದಿಲ್ಲ! ಅಷ್ಟೇ ಅಲ್ಲ, ಅವರು ಬೇಡ ಅಂದಿದ್ದು ಹಿಂದಿನ ಕಾರಿನ ಲೆಕ್ಕವನ್ನು. ಬ್ರೇಕ್ ಹೇಗೆ ಒತ್ತಬೇಕು ಅಂತ ಯಾರೂ ಪಾಠ ಮಾಡುತ್ತಿರಲಿಲ್ಲ.

ಡ್ರೈವರ್‌ಗಳಿಗೆ ತರಬೇತಿ ಕೊಡುವ ನನ್ನ ಕೆಲಸದಲ್ಲಿ ‘ಬೇರೆಯವರ ಮಾತು ಕೇಳಬೇಕಾ, ಬೇಡವಾ’ ಅನ್ನುವ ವಾದ ಆಗಾಗ ಏಳುತ್ತೆ. ನಾನು ಅದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಹೇಳುತ್ತಿರುವವರಿಗೆ ಏನು ಕಾಣುತ್ತಿದೆ? ಸೀಟಿನಲ್ಲಿ ಕೂತ ನಿನಗೆ ಅದು ಕಾಣುತ್ತಾ? ನಾನು ಕೇಳುವುದು ಇಷ್ಟೇ.

ಒಂದು ಹೇರ್‌ಪಿನ್ ತಿರುವು, ಅಂದರೆ ಕಾರು ಬಂದ ದಿಕ್ಕಿಗೇ ಹೊರಳುವ ಕಡಿದಾದ ತಿರುವು ತಗೊಳ್ಳೋಣ. ಹೊಸಬರ ದೂರು ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ: ‘ಸರ್, ಮುಂದಿನ ಟೈರ್ ಹಿಡೀತಾನೇ ಇಲ್ಲ. ಸ್ಟೀರಿಂಗ್ ತಿರುಗಿಸಿದ್ರೂ ಕಾರು ನೆಟ್ಟಗೆ ಹೋಗುತ್ತೆ.’ ಎಂಜಿನಿಯರ್ ನಂಬುತ್ತಾರೆ, ಹಿಂಬದಿಯ ಆ್ಯಂಟಿ ರೋಲ್ ಬಾರ್ (ತಿರುವಿನಲ್ಲಿ ಕಾರು ಪಕ್ಕಕ್ಕೆ ವಾಲದಂತೆ ತಡೆಯುವ ಸರಳು) ಬಿಗಿ ಮಾಡುತ್ತಾರೆ. ಹೇರ್‌ಪಿನ್‌ನಲ್ಲಿ ಸ್ವಲ್ಪ ವಾಸಿ ಅನಿಸುತ್ತೆ. ಆದರೆ ವೇಗದ ತಿರುವಿಗೆ ಬಂದರೆ ಈಗ ಕಾರಿನ ಹಿಂಭಾಗ ಜಾರುತ್ತೆ. ಡ್ರೈವರ್ ಹೆದರಿ ಮೊದಲಿಗಿಂತ ನಿಧಾನ ಆಗುತ್ತಾನೆ. ಆಮೇಲೆ ಇನ್ನೊಂದು ಬದಲಾವಣೆ, ಅದರ ಹಿಂದೆ ಮತ್ತೊಂದು. ಮಧ್ಯಾಹ್ನದ ಹೊತ್ತಿಗೆ ಕಾರು ಹೇಗಿತ್ತು ಅನ್ನುವುದೇ ಎಲ್ಲರಿಗೂ ಮರೆತುಹೋಗಿರುತ್ತೆ.

ಈಗ ಟೆಲಿಮೆಟ್ರಿ, ಅಂದರೆ ಕಾರಿನ ಸೆನ್ಸರ್‌ಗಳು ದಾಖಲಿಸಿದ ಮಾಹಿತಿ ತೆಗೆದು ಬ್ರೇಕಿನ ಒತ್ತಡ ಮತ್ತು ಸ್ಟೀರಿಂಗಿನ ಕೋನ, ಎರಡನ್ನೂ ಒಂದೇ ಪರದೆಯ ಮೇಲೆ ನೋಡಿ. ಬ್ರೇಕಿನ ಗೆರೆ ಗೋಡೆಯಂತೆ ಏರಿ, ಗೋಡೆಯಂತೆಯೇ ಇಳಿದಿರುತ್ತೆ. ಸ್ಟೀರಿಂಗ್ ತಿರುಗಲು ಶುರುವಾಗುವ ಜಾಗದಲ್ಲೇ ಕಾಲು ಬ್ರೇಕಿನಿಂದ ಪಟ್ಟನೆ ಎದ್ದಿರುತ್ತೆ. ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ಬಾಗಿ ಮುಂದಿನ ಟೈರುಗಳನ್ನು ನೆಲಕ್ಕೆ ಒತ್ತುತ್ತೆ, ಹಿಡಿತ ಸಿಗುತ್ತೆ. ಒಮ್ಮೆಲೇ ಬಿಟ್ಟರೆ ಮೂತಿ ಮೇಲೇಳುತ್ತೆ. ಟೈರಿಗೆ ಭಾರ ಬೇಕಾದ ಹೊತ್ತಿಗೇ ಭಾರ ಹೊರಟುಹೋಗಿರುತ್ತೆ. ಕಾರು ನೆಟ್ಟಗೆ ಹೋಗದೆ ಇನ್ನೇನು ಮಾಡೀತು? ಸ್ಟೀರಿಂಗ್ ತಿರುಗಿಸುತ್ತಾ ಬ್ರೇಕನ್ನು ನಿಧಾನಕ್ಕೆ ಸಡಿಲಿಸುತ್ತಾ ಹೋಗಬೇಕು. ಟ್ರೇಲ್ ಬ್ರೇಕಿಂಗ್ ಅನ್ನುವುದು ಇದನ್ನೇ. ಸ್ಪ್ಯಾನರ್ ಮುಟ್ಟುವ ಅಗತ್ಯವೇ ಇಲ್ಲ.

ಹುಡುಗ ಸುಳ್ಳು ಹೇಳುತ್ತಿರಲಿಲ್ಲ, ನೆನಪಿರಲಿ. ಕಾಲನ್ನು ಮೆತ್ತಗೇ ಎತ್ತಿದ್ದೆ ಅಂತಲೇ ಅವನು ನಂಬಿರುತ್ತಾನೆ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ವಿಷಯ, ಒಳಗೆ ಕೂತವರಿಗೆ ಗೊತ್ತಾಗುವುದಿಲ್ಲ. ತಿರುವಿನ ಪಕ್ಕ ಬೇಲಿಯಾಚೆ ನಿಂತವರಿಗೆ ಮೂತಿ ಎದ್ದಿದ್ದು ಬರಿಗಣ್ಣಿಗೇ ಕಾಣುತ್ತೆ. ಬ್ರೇಕ್ ಬಿಟ್ಟು ಆ್ಯಕ್ಸಿಲರೇಟರ್ ಒತ್ತುವ ನಡುವೆ ಕಾರು ಸುಮ್ನೆ ತೇಲಿದ್ದು ಎಂಜಿನ್ ಸದ್ದಿನಲ್ಲೇ ಕೇಳಿಸುತ್ತೆ.

ಹಾಗಂತ ಹೊರಗಿನವರಿಗೆ ಎಲ್ಲವೂ ಕಾಣುತ್ತೆ ಅಂತಲ್ಲ. 2007ರ ಶಾಂಘೈ ರೇಸಿನಲ್ಲಿ ಲೂಯಿಸ್ ಹ್ಯಾಮಿಲ್ಟನ್‌ಗೆ 22 ವರ್ಷ, ಫಾರ್ಮುಲಾ ಒನ್‌ನಲ್ಲಿ ಮೊದಲ ಸೀಸನ್. ಟ್ರ್ಯಾಕ್ ಒಣಗುತ್ತಿತ್ತು, ಮಳೆಯ ಟೈರ್ ಸವೆದು ಒಳಗಿನ ಪದರ ಕಾಣುತ್ತಿತ್ತು. ಅವರ ಮೆಕ್ಲಾರೆನ್ ತಂಡ ಟೈರ್ ಬದಲಿಸಲು ಅವರನ್ನು ಪಿಟ್‌ಗೆ (ಟ್ರ್ಯಾಕ್ ಪಕ್ಕದ ತಂಡದ ಜಾಗಕ್ಕೆ) ಕರೆಯಲು ತಡಮಾಡಿತು. ಕರೆದಾಗ ಪಿಟ್ ದಾರಿಯ ತಿರುವಿನಲ್ಲೇ ಕಾರು ಜಾರಿ ಜಲ್ಲಿಯಲ್ಲಿ ಹೂತುಹೋಯಿತು. ಕೊನೆಗೆ ಚಾಂಪಿಯನ್‌ಶಿಪ್ ಕೈತಪ್ಪಿದ್ದು ಒಂದೇ ಒಂದು ಅಂಕದಿಂದ. ಗೆದ್ದವರು ಇದೇ ರೈಕೊನೆನ್! ಹಿಂದಿನ ಟೈರಿನಲ್ಲಿ ಹಿಡಿತ ಎಷ್ಟು ಉಳಿದಿದೆ ಅನ್ನುವುದು ಮೊದಲು ಗೊತ್ತಾಗುವುದು ಡ್ರೈವರ್‌ನ ಸೊಂಟಕ್ಕೆ. ಅಂಥ ಹೊತ್ತಲ್ಲಿ ಹಿರಿಯರಿಗೆ ಎದುರು ಹೇಳೋದು ಹೇಗೆ ಅಂತ ಹೊಸಬರು ಬಾಯಿ ಮುಚ್ಚಿಕೊಂಡರೆ ತಂಡಕ್ಕೇ ನಷ್ಟ. ‘ಕಾರು ಚೆನ್ನಾಗಿಲ್ಲ’ ಅಂದರೆ ಸಾಲದು. ಯಾವ ತಿರುವು, ಒಳಹೋಗುವಾಗಲಾ, ಹೊರಬರುವಾಗಲಾ, ಎಷ್ಟು ಲ್ಯಾಪ್‌ನಿಂದ (ಸುತ್ತಿನಿಂದ) ಹೀಗೆ, ಇಷ್ಟನ್ನೂ ಹೇಳಬೇಕು.

ಇನ್ನು ಅಪ್ಪಂದಿರ ವಿಷಯ. ಮಕ್ಕಳು ಪುಟ್ಟ ಕಾರುಗಳಲ್ಲಿ ರೇಸ್ ಕಲಿಯುವ ಕಾರ್ಟಿಂಗ್ ದಿನಗಳಿಂದ ದುಡ್ಡು, ನಿದ್ದೆ ಎರಡೂ ಸುರಿದವರು ಅವರೇ, ಹೇಳುವ ಹಕ್ಕಿದೆ. ಆದರೆ ಹೆಲ್ಮೆಟ್ ಹಾಕಿಕೊಳ್ಳುವಾಗ ಕೋಚ್ ಒಂದು, ಎಂಜಿನಿಯರ್ ಇನ್ನೊಂದು, ಅಪ್ಪ ಮೂರನೆಯದು ಹೇಳಿದರೆ ಮಗು ಏನು ಮಾಡಬೇಕು ಹೇಳಿ? ಕಾರು ಹತ್ತುವ ಮುಂಚೆ ಒಬ್ಬರೇ ಮಾತಾಡಲಿ. ಉಳಿದವರು ಸಂಜೆಯವರೆಗೆ ಕಾಯಲಿ.

ಕೊನೆಯದಾಗಿ, ಒಳ್ಳೆಯ ಸಲಹೆ ಕೂಡ ಮೊದಲಿಗೆ ನಿಧಾನ ಮಾಡುತ್ತೆ. ಹೊಸ ರೀತಿ ಬ್ರೇಕ್ ಬಿಡಲು ಹೋದಾಗ ಗಮನವೆಲ್ಲ ಕಾಲಿನ ಮೇಲೇ ಇರುತ್ತೆ, ಲ್ಯಾಪ್ ಸಮಯ ಜಾಸ್ತಿಯಾಗುತ್ತೆ. ‘ನೋಡಿದ್ರಾ, ಇದು ನನಗೆ ಆಗಲ್ಲ’ ಅಂತ ಜಾಣ ಹುಡುಗರೂ ಕೈಬಿಡುವುದು ಇಲ್ಲೇ. ಹಾಗಾಗಿ ಕ್ವಾಲಿಫೈಯಿಂಗ್ ದಿನ (ರೇಸಿನಲ್ಲಿ ಯಾರು ಎಷ್ಟನೇ ಜಾಗದಿಂದ ಹೊರಡಬೇಕು ಅಂತ ತೀರ್ಮಾನವಾಗುವ ದಿನ) ಯಾರು ಏನೇ ಹೊಸದು ಹೇಳಿದರೂ ಬರೆದಿಟ್ಟುಕೊಳ್ಳಿ. ಮುಂದಿನ ಅಭ್ಯಾಸದ ದಿನ ಒಂದೇ ತಿರುವಿನಲ್ಲಿ ಮಾಡಿ ನೋಡಿ. ಆಗ ಕಾರಿನಲ್ಲಿ ಬೇರೇನೂ ಬದಲಿಸಬೇಡಿ. ಇಲ್ಲದಿದ್ದರೆ ಸಮಯ ಇಳಿದಿದ್ದು ಸಲಹೆಯಿಂದಲೋ ಹೊಸ ಟೈರಿನಿಂದಲೋ ಅಂತ ನಿಮಗೂ ತಿಳಿಯಲ್ಲ, ನಮಗೂ ತಿಳಿಯಲ್ಲ.