ಫೆಲ್ಡ್‌ಸ್ಪಾರ್ ಅಂದರೆ ಯಾವ ಕಲ್ಲು?

ಕಾರವಾರದಿಂದ ಅಂಕೋಲೆ ಕಡೆ ಹೋಗುವಾಗ ಹೆದ್ದಾರಿಗಾಗಿ ಗುಡ್ಡ ಕಡಿದ ಜಾಗಗಳು ಸಿಗುತ್ತವೆ. ಅಂಥ ಕಡೆ ಒಮ್ಮೆ ದೂರ ನಿಂತು ನೋಡಿ. ಮಳೆಗಾಲದಲ್ಲಿ ಬೇಡ, ಬೇಸಿಗೆಯಲ್ಲಿ. ಮೇಲೆ ಕೆಂಪು ಚಿರೆಕಲ್ಲು. ಅದರ ಕೆಳಗೆ ಬಿಳಿ, ಹಳದಿ ಬಣ್ಣದ ಮೆತ್ತನೆ ಜೇಡಿ. ಅದಕ್ಕೂ ಕೆಳಗೆ ಥೇಟ್ ಬಂಡೆಯ ಹಾಗೇ ಕಾಣುವ, ಆದರೆ ಉಗುರಲ್ಲಿ ಕೆರೆದರೆ ಉದುರುವ ಪದರ. ತಳದಲ್ಲಿ ನಿಜವಾದ ಗಟ್ಟಿ ಬಂಡೆ. ಎಲ್ಲ ಕಡೆ ನಾಲ್ಕೂ ಸಿಗಲಿಕ್ಕಿಲ್ಲ. ಸಿಕ್ಕರೆ ಮಾತ್ರ, ಫೆಲ್ಡ್‌ಸ್ಪಾರ್ ಎಂಬ ಖನಿಜದ ಜಾತಕ ಅಲ್ಲಿ ಕೆಳಗಿನಿಂದ ಮೇಲಕ್ಕೆ ಬರೆದಿಟ್ಟ ಹಾಗಿರುತ್ತದೆ.

ಹೆಸರು ಜರ್ಮನ್ ಕಡೆಯದು. ‘ಫೆಲ್ಡ್’ ಅಂದರೆ ಹೊಲ, ಬಯಲು. ‘ಸ್ಪಾಟ್’ (ಇಂಗ್ಲಿಷ್‌ನಲ್ಲಿ ‘ಸ್ಪಾರ್’) ಎಂಬುದು ಅಲ್ಲಿನ ಗಣಿಯವರ ಮಾತು. ಒಡೆದರೆ ನುಣ್ಣನೆ ಹೊಳೆಯುವ ಮುಖ ಬಿಟ್ಟುಕೊಡುವ, ಆದರೆ ಲೋಹ ಸಿಗದ ಕಲ್ಲಿಗೆ ಹಾಗೆ ಕರೆಯುತ್ತಿದ್ದರು. ಹಳೇ ಇಂಗ್ಲಿಷ್ ಬರಹಗಳಲ್ಲಿ ‘ಫೆಲ್‌ಸ್ಪಾರ್’ ಅಂತಲೂ ಕಾಣುತ್ತದೆ. ಜರ್ಮನ್‌ನಲ್ಲಿ ‘ಫೆಲ್ಸ್’ ಅಂದರೆ ಬಂಡೆ. ಹೆಸರು ಅದರಿಂದಲೇ ಬಂದಿರಬೇಕು ಅಂದುಕೊಂಡು ನಡುವಿನ ಅಕ್ಷರ ಬಿಟ್ಟರು. ತಪ್ಪೇ. ಆದರೂ ಆ ರೂಪ ಬಹಳ ಕಾಲ ಉಳಿಯಿತು. ಕನ್ನಡದಲ್ಲಿ ಇದಕ್ಕೆ ಊರಿನ ಹೆಸರು ನಾನಂತೂ ಕೇಳಿಲ್ಲ. ಭೂಮಿಯ ಹೊರಪದರದಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು ಇದೇ. ಅಷ್ಟು ಸಾಮಾನ್ಯವಾದ್ದಕ್ಕೆ ಬೇರೆ ಹೆಸರು ಯಾಕೆ, ‘ಕಲ್ಲು’ ಅಂದರೆ ಸಾಕಲ್ವಾ!

ಇದು ಒಂದೇ ಖನಿಜವಲ್ಲ, ಒಂದು ಮನೆತನ. ಎಲ್ಲರಿಗೂ ಮನೆಯ ಕಟ್ಟಡ ಒಂದೇ, ಒಳಗೆ ಇರುವವರು ಬೇರೆ. ಕಟ್ಟಡ ಹೇಗೆ ಅಂತ ನೋಡಲು ನಾಲ್ಕು ತೆಂಗಿನಕಾಯಿ ತನ್ನಿ. ಮೂರು ಕೆಳಗೆ, ಒಂದು ಮೇಲೆ ಇಡಿ. ನಡುವಿನ ಸಂದಿಯಲ್ಲಿ ಒಂದು ಸುಲಿದ ಅಡಿಕೆ ಸರಿಯಾಗಿ ಕೂರುತ್ತದೆ. ಕಾಯಿ ಅಂದರೆ ಆಮ್ಲಜನಕ, ಅಡಿಕೆ ಅಂದರೆ ಸಿಲಿಕಾನ್. ಈಗ ಇಂಥ ರಾಶಿಗಳು ಸಾಲುಗಟ್ಟಿ ನಿಂತಿವೆ ಅಂದುಕೊಳ್ಳಿ. ಒಂದೊಂದು ಕಾಯಿಯೂ ಎರಡು ರಾಶಿಗೆ ಸೇರಿದ್ದು, ಪಾಲು ಮಾಡಿಕೊಂಡದ್ದು. ಹೀಗೆ ಮೂರೂ ದಿಕ್ಕಿಗೆ ಹೆಣೆದ ಜಾಲವೇ ಈ ಮನೆ. ಎಲ್ಲ ಸಂದಿಯಲ್ಲೂ ಸಿಲಿಕಾನ್ ಮಾತ್ರ ಇದ್ದರೆ ಅದು ಸ್ಫಟಿಕಶಿಲೆ, ಅಂದರೆ ಕ್ವಾರ್ಟ್ಜ್. ಕೆಲವು ಸಂದಿಯಲ್ಲಿ ಸಿಲಿಕಾನ್ ಬದಲು ಸ್ವಲ್ಪ ದಪ್ಪನೆಯ ಅಲ್ಯೂಮಿನಿಯಂ ಬಂದು ಕೂತರೆ ಫೆಲ್ಡ್‌ಸ್ಪಾರ್.

ಇಲ್ಲೊಂದು ಸಾಲದ ಲೆಕ್ಕ ಹುಟ್ಟುತ್ತದೆ. ಸಿಲಿಕಾನ್ ತರುವ ಧನ ವಿದ್ಯುದಂಶ 4, ಅಲ್ಯೂಮಿನಿಯಂ ತರುವುದು 3. ಪ್ರತಿ ಅಲ್ಯೂಮಿನಿಯಂಗೂ ಒಂದು ಬಾಕಿ. ಅದನ್ನು ತೀರಿಸಲು ಜಾಲದ ದೊಡ್ಡ ಪೊಳ್ಳುಗಳಲ್ಲಿ ಪೊಟ್ಯಾಸಿಯಂ ಅಥವಾ ಸೋಡಿಯಂ ಬಂದು ಸೇರುತ್ತದೆ. ಇವು ಒಂದೊಂದು ಕೊಡುವವು. ಕ್ಯಾಲ್ಸಿಯಂ ಎರಡು ಕೊಡುತ್ತದೆ. ಹಾಗಾಗಿ ಕ್ಯಾಲ್ಸಿಯಂ ಬಂದರೆ ನಾಲ್ಕು ಸಂದಿಯಲ್ಲಿ ಎರಡರಲ್ಲಿ ಅಲ್ಯೂಮಿನಿಯಂ ಇರಬೇಕು, ಉಳಿದವು ಬಂದರೆ ಒಂದು ಸಾಕು. ಈ ಲೆಕ್ಕ ತಲೆಗೆ ಹೋದರೆ ವರ್ಗೀಕರಣ ಬಾಯಿಪಾಠ ಮಾಡುವುದೇ ಬೇಡ.

ಪೊಟ್ಯಾಸಿಯಂ ಗಾತ್ರದಲ್ಲಿ ದೊಡ್ಡದು. ಸೋಡಿಯಂ, ಕ್ಯಾಲ್ಸಿಯಂ ಹೆಚ್ಚುಕಡಿಮೆ ಒಂದೇ ಅಳತೆ. ಅದಕ್ಕೇ ಅವೆರಡೂ ಎಷ್ಟು ಪಾಲಿಗೆ ಬೇಕಾದರೂ ಬೆರೆಯುತ್ತವೆ. ಆ ಸಾಲಿಗೆ ಪ್ಲೇಜಿಯೋಕ್ಲೇಸ್ ಎಂದು ಹೆಸರು. ಪೂರ್ತಿ ಸೋಡಿಯಂ ಕಡೆ ಆಲ್ಬೈಟ್, ಪೂರ್ತಿ ಕ್ಯಾಲ್ಸಿಯಂ ಕಡೆ ಅನಾರ್ಥೈಟ್, ನಡುವೆ ಇನ್ನೂ ನಾಲ್ಕು ಹೆಸರು. ನುಣುಪು ಮಾಡಿದಾಗ ನವಿಲುಗರಿಯಂತೆ ನೀಲಿ ಮಿಂಚುವ ಲ್ಯಾಬ್ರಡೊರೈಟ್ ಆ ನಾಲ್ಕರಲ್ಲಿ ಒಂದು. ಇನ್ನೊಂದು ಸಾಲು ಪೊಟ್ಯಾಸಿಯಂ–ಸೋಡಿಯಂನದು, ಕ್ಷಾರ ಫೆಲ್ಡ್‌ಸ್ಪಾರ್. ಈ ಜೋಡಿ ಬಿಸಿಯಲ್ಲಿ ಮಾತ್ರ ಹೊಂದಿಕೊಳ್ಳುತ್ತದೆ. ಆರಿದ ಹಾಗೆ ಜಗಳ. ಒಂದೇ ಹರಳಿನೊಳಗೆ ಇಬ್ಬರೂ ಬೇರೆ ಬೇರೆ ಗೆರೆಗಳಾಗಿ ಪಾಲಾಗುತ್ತಾರೆ. ಆ ಗೆರೆಗಳ ಹರಳಿಗೆ ಪರ್ಥೈಟ್ ಎನ್ನುತ್ತಾರೆ. ಪೊಟ್ಯಾಸಿಯಂ, ಕ್ಯಾಲ್ಸಿಯಂ ಮಾತ್ರ ಬಿಸಿಯಲ್ಲೂ ಅಷ್ಟಕ್ಕಷ್ಟೆ.

ಪೊಟ್ಯಾಸಿಯಂ ಫೆಲ್ಡ್‌ಸ್ಪಾರಿಗೆ ಸಾನಿಡೀನ್, ಆರ್ಥೋಕ್ಲೇಸ್, ಮೈಕ್ರೋಕ್ಲೈನ್ ಎಂದು ಮೂರು ಹೆಸರಿವೆ. ಮೂರರಲ್ಲೂ ಸಾಮಾನು ಒಂದೇ. ವ್ಯತ್ಯಾಸ ಅಲ್ಯೂಮಿನಿಯಂ ಕೂತ ಜಾಗದ್ದು. ಜ್ವಾಲಾಮುಖಿಯಿಂದ ಹೊರಬಿದ್ದು ಬೇಗ ಆರಿದರೆ, ಹೊರಡುತ್ತಿರುವ ಬಸ್ಸಿಗೆ ಹತ್ತಿದವರಂತೆ ಸಿಕ್ಕಲ್ಲಿ ಕೂತಿರುತ್ತದೆ. ಅದು ಸಾನಿಡೀನ್. ನೆಲದ ಆಳದಲ್ಲಿ ನಿಧಾನವಾಗಿ ಆರಿದರೆ, ಮದುವೆಮನೆ ಪಂಕ್ತಿಯ ಹಾಗೆ ತನ್ನ ಎಲೆ ಹುಡುಕಿಕೊಂಡು ಕೂರುತ್ತದೆ. ಅದು ಮೈಕ್ರೋಕ್ಲೈನ್. ಆರ್ಥೋಕ್ಲೇಸ್ ಇವೆರಡರ ನಡುವೆ. ಆ ಹೆಸರಿನ ಅರ್ಥ ಗ್ರೀಕ್‌ನಲ್ಲಿ ‘ನೇರವಾಗಿ ಒಡೆಯುವುದು’. ಅದರ ಎರಡು ಒಡಕುಗಳ ನಡುವೆ 90 ಡಿಗ್ರಿ ಇರುತ್ತದೆ. ಪ್ಲೇಜಿಯೋಕ್ಲೇಸ್ ಅಂದರೆ ‘ಓರೆಯಾಗಿ ಒಡೆಯುವುದು’. ಓರೆ ಅಂದರೂ ಸುಮಾರು 86 ಡಿಗ್ರಿ, ಬರಿಗಣ್ಣಿಗೆ ಗೊತ್ತಾಗುವುದು ಕಷ್ಟ.

ಇನ್ನು ಹುಟ್ಟುವ ಬಗೆ. ಜೋನಿ ಬೆಲ್ಲ ಡಬ್ಬಿಯಲ್ಲಿಟ್ಟರೆ ತಳದಲ್ಲಿ ಹರಳು ಕೂರುವುದನ್ನು ಶಿರಸಿ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಕರಗಿದ ಶಿಲಾಪಾಕವೂ ಹಾಗೇ, ಆದರೆ ಎಲ್ಲ ಒಟ್ಟಿಗೆ ಹರಳುಗಟ್ಟುವುದಿಲ್ಲ. ಶುದ್ಧ ಅನಾರ್ಥೈಟ್ ಕರಗಲು ಸುಮಾರು 1550 ಡಿಗ್ರಿ ಸೆಲ್ಸಿಯಸ್ ಬೇಕು, ಆಲ್ಬೈಟಿಗೆ ಸುಮಾರು 1120 ಸಾಕು. ಹಾಗಾಗಿ ಪಾಕ ಆರುವಾಗ ಮೊದಲು ಕ್ಯಾಲ್ಸಿಯಂ ಹೆಚ್ಚಿರುವ ಹರಳು, ಬರಬರುತ್ತಾ ಸೋಡಿಯಂ ಹೆಚ್ಚಿರುವುದು, ಕೊನೆಯ ಪಂಕ್ತಿಯಲ್ಲಿ ಕ್ವಾರ್ಟ್ಜ್ ಜೊತೆ ಪೊಟ್ಯಾಸಿಯಂನದು. ಈ ಸರದಿಯನ್ನು ಪ್ರಯೋಗಶಾಲೆಯಲ್ಲಿ ಕರಗಿಸಿ, ಆರಿಸಿ ಬಿಡಿಸಿ ತೋರಿಸಿದವರು ನಾರ್ಮನ್ ಬೋವೆನ್. ಪ್ಲೇಜಿಯೋಕ್ಲೇಸ್ ಕುರಿತ ಅವರ ಕೆಲಸ 1913ರದು.

ಚಂದ್ರನ ಮೇಲೂ ಇದೇ ಕತೆ. ಶುರುವಿನಲ್ಲಿ ಚಂದ್ರನ ಮೈಯೆಲ್ಲ ಕರಗಿದ ಕಲ್ಲಿನ ಸಮುದ್ರ ಇತ್ತಂತೆ. ಅದರಲ್ಲಿ ಹರಳುಗಟ್ಟಿದ ಅನಾರ್ಥೈಟ್ ಹಗುರವಾದ್ದರಿಂದ ಕೆನೆಯ ಹಾಗೆ ಮೇಲೆ ತೇಲಿತು. ಹುಣ್ಣಿಮೆ ದಿನ ಬೆಳ್ಳಗೆ ಕಾಣುವ ಭಾಗ ಹೆಚ್ಚಾಗಿ ಆ ಕೆನೆಯೇ. 2023ರ ಆಗಸ್ಟ್‌ನಲ್ಲಿ ಇಳಿದ ಚಂದ್ರಯಾನ-3ರ ರೋವರ್ ಅಳೆದ ಮಣ್ಣೂ ಈ ಮಾತಿಗೆ ಹೊಂದುವಂತೆಯೇ ಇತ್ತು.

ನಮ್ಮ ಕರಾವಳಿಗೆ ಬರೋಣ. ಕಾರವಾರ ಸುತ್ತಲಿನ ಹಳೇ ಪಟ್ಟೆಬಂಡೆ, ಅಂದರೆ ನೈಸ್, 300 ಕೋಟಿ ವರ್ಷ ದಾಟಿದ್ದು. ಅದರಲ್ಲಿ ಪ್ಲೇಜಿಯೋಕ್ಲೇಸ್‌ನದೇ ದೊಡ್ಡ ಪಾಲು. ಹೊಸದಾಗಿ ಒಡೆದ ಚೂರೊಂದನ್ನು ಬಿಸಿಲಲ್ಲಿ ತಿರುಗಿಸಿ. ಗಾಜಿನಂತೆ ಅಡ್ಡಾದಿಡ್ಡಿ ಒಡೆದದ್ದು ಕ್ವಾರ್ಟ್ಜ್. ಉಗುರಿಗೆ ಪದರ ಪದರವಾಗಿ ಏಳುವುದು ಅಭ್ರಕ. ಒಂದು ಕೋನಕ್ಕೆ ಬಂದಾಗ ಕನ್ನಡಿಯಂತೆ ಫಕ್ಕನೆ ಮಿಂಚುವ ಬಿಳಿ ತುಣುಕೇ ಫೆಲ್ಡ್‌ಸ್ಪಾರ್. ಚಾಕುವಿನಲ್ಲಿ ಗೀರಿದರೂ ಸುಲಭಕ್ಕೆ ಗೆರೆ ಬೀಳುವುದಿಲ್ಲ. ಅಡುಗೆಮನೆ ಕಟ್ಟೆಗೆ ಇಳಕಲ್‌ನ ಗುಲಾಬಿ ಗ್ರಾನೈಟ್ ಹಾಕಿಸಿದ್ದರೆ, ಆ ಗುಲಾಬಿ ಕೊಟ್ಟದ್ದು ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್.

ಇಷ್ಟು ಗಟ್ಟಿ ಕಲ್ಲು ನಮ್ಮ ಮಳೆಗೆ ಮಾತ್ರ ಸೋಲುತ್ತದೆ. ವರ್ಷಕ್ಕೆ 3000 ಮಿಲಿಮೀಟರ್ ಹತ್ತಿರದ ನೀರು, ಸೆಕೆ, ಬೇರುಗಳ ಆಮ್ಲ. ನೀರು ಮೊದಲು ಪೊಳ್ಳಿನೊಳಗಿನ ಸೋಡಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂಗಳನ್ನು ಎಳೆದುಕೊಂಡು ಹೋಗುತ್ತದೆ. ಗಿಡಗಳಿಗೆ ಪೊಟ್ಯಾಷ್ ಸಿಗುವ ಒಂದು ದಾರಿ ಇದು. ಸಾಲ ತೀರಿಸುವವರೇ ಹೋದ ಮೇಲೆ ಮನೆ ನಿಲ್ಲುತ್ತದೆಯೇ? ಜಾಲ ಕುಸಿದು ತೆಳು ಹಾಳೆಗಳಾಗಿ ಮತ್ತೆ ಜೋಡಣೆಯಾಗುತ್ತದೆ. ಅದೇ ಕೆಯೋಲಿನ್, ಬಿಳಿ ಜೇಡಿ. ಉಗುರಿಗೆ ಉದುರುತ್ತಿದ್ದ ಆ ಪದರದಲ್ಲಿ ಈ ಕೆಲಸ ಅರ್ಧ ಆಗಿತ್ತು. ಮಳೆ ಅಲ್ಲಿಗೂ ಬಿಡದೆ ಸಿಲಿಕಾವನ್ನೂ ತೊಳೆದರೆ ಉಳಿಯುವುದು ಅಲ್ಯೂಮಿನಿಯಂ ಮತ್ತು ಬೇರೆ ಖನಿಜಗಳಿಂದ ಬಂದ ಕಬ್ಬಿಣ. ಅದೇ ಮೇಲಿನ ಚಿರೆಕಲ್ಲು. 1801ರಲ್ಲಿ ನಮ್ಮ ಜಿಲ್ಲೆಯನ್ನೂ ಸುತ್ತಿ ಹೋದ ಫ್ರಾನ್ಸಿಸ್ ಬುಕಾನನ್ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟರು. ಕ್ವಾರ್ಟ್ಜ್ ಮಾತ್ರ ಜಗ್ಗುವುದಿಲ್ಲ. ಅದು ಹೊಳೆ ಹಿಡಿದು ಸಮುದ್ರಕ್ಕೆ ಹೋಗಿ ಮರಳಾಗುತ್ತದೆ. ಕಡಲತೀರದ ಮರಳಿನಲ್ಲಿ ಅದೇ ಜಾಸ್ತಿ ಇರುವುದು ಇದಕ್ಕೇ.

ಶಿರಸಿ, ಸಿದ್ದಾಪುರ ಕಡೆ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಶೇಡಿ ಬರೆಯುತ್ತಾರಲ್ಲ, ಆ ಬಿಳಿಯೂ ಜೇಡಿಮಣ್ಣೇ. ಪಿಂಗಾಣಿ ಮಾಡುವವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಬಿಳಿ ಜೇಡಿಗೆ ಫೆಲ್ಡ್‌ಸ್ಪಾರ್ ಪುಡಿಯನ್ನೇ ಬೆರೆಸಿ ಸುಡುತ್ತಾರೆ. ಕುಲುಮೆಯಲ್ಲಿ ಫೆಲ್ಡ್‌ಸ್ಪಾರ್ ಮೊದಲು ಕರಗಿ, ಗಾಜಾಗಿ, ಜೇಡಿಯ ಕಣಗಳನ್ನು ಅಂಟಿಸಿ ಹಿಡಿಯುತ್ತದೆ. ಚಹಾ ಕುಡಿಯುವ ಪಿಂಗಾಣಿ ಕಪ್ಪಿನಲ್ಲಿ ಅಪ್ಪ, ಮಗ ಇಬ್ಬರೂ ಒಟ್ಟಿಗೇ ಇದ್ದಾರೆ.