ಹಾಲಿನ ಸಕ್ಕರೆಯೂ ಸಡಿಲ ಬೀಗವೂ

1940ರ ದಶಕದ ಆರಂಭ. ನಾಜಿಗಳ ವಶದಲ್ಲಿದ್ದ ಪ್ಯಾರಿಸ್ಸಿನಲ್ಲಿ ಫ್ರೆಂಚ್ ಜೀವವಿಜ್ಞಾನಿ ಜಾಕ್ ಮೊನೊ ಎರಡು ಬಗೆಯ ಸಕ್ಕರೆ ಬೆರೆಸಿದ ದ್ರಾವಣದಲ್ಲಿ ಬ್ಯಾಕ್ಟೀರಿಯಾ ಬೆಳೆಸುತ್ತಿದ್ದರು. ಬೆಳವಣಿಗೆಯ ಗೆರೆ ಸಲೀಸಾಗಿ ಏರಲಿಲ್ಲ. ಏರಿತು, ನಿಂತಿತು, ತುಸು ಹೊತ್ತು ಬಿಟ್ಟು ಮತ್ತೆ ಏರಿತು.

ಇ. ಕೋಲಿ ಎಂಬ ಬ್ಯಾಕ್ಟೀರಿಯಾಗೆ ಗ್ಲೂಕೋಸ್ ಮತ್ತು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಎರಡನ್ನೂ ಕೊಟ್ಟು ನೋಡಿ. ಮೊದಲು ಗ್ಲೂಕೋಸ್ ಖಾಲಿ ಮಾಡುತ್ತದೆ. ನಡುವಿನ ಆ ನಿಲುಗಡೆಯಲ್ಲಿ ಲ್ಯಾಕ್ಟೋಸ್ ಅರಗಿಸುವ ಸಲಕರಣೆ ಸಿದ್ಧವಾಗುತ್ತದೆ.

ಸಲಕರಣೆಯಲ್ಲಿ ಮುಖ್ಯವಾದವು ಎರಡು: ಲ್ಯಾಕ್ಟೋಸನ್ನು ಒಳಗೆ ಬಿಡುವ ಬಾಗಿಲಿನಂಥ ಪ್ರೋಟೀನ್, ಅದನ್ನು ಕತ್ತರಿಸುವ ಕಿಣ್ವ. ಇವುಗಳ ಜೀನ್‌ಗಳು ಡಿಎನ್‌ಎಯಲ್ಲಿ ಅಕ್ಕಪಕ್ಕದಲ್ಲೇ ಇವೆ. ಅವುಗಳ ಹೊಸ್ತಿಲಲ್ಲಿ ರಿಪ್ರೆಸರ್ ಎಂಬ ಪ್ರೋಟೀನ್ ಬೀಗದಂತೆ ಕೂತಿರುತ್ತದೆ. ಒಳಬಂದ ಲ್ಯಾಕ್ಟೋಸಿನಲ್ಲಿ ಸ್ವಲ್ಪವನ್ನು ಅದೇ ಕಿಣ್ವ ಅಲೋಲ್ಯಾಕ್ಟೋಸ್ ಆಗಿ ಬದಲಿಸುತ್ತದೆ. ಅದು ಬಂದು ಅಂಟಿಕೊಂಡರೆ ರಿಪ್ರೆಸರ್‌ನ ಹಿಡಿತ ತಪ್ಪುತ್ತದೆ.

ಆದರೆ ಲ್ಯಾಕ್ಟೋಸ್ ಒಳಬರಲು ಬಾಗಿಲು ಬೇಕು, ಬಾಗಿಲು ತಯಾರಾಗಲು ಲ್ಯಾಕ್ಟೋಸ್ ಒಳಗಿರಬೇಕು! ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯ ಪರಿಸ್ಥಿತಿ. ಬ್ಯಾಕ್ಟೀರಿಯಾ ಇದರಿಂದ ಪಾರಾಗುವ ಬಗೆಯೇ ಈ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ. ರಿಪ್ರೆಸರ್ ಭದ್ರವಾಗಿ ಕೂತಿರುವುದಿಲ್ಲ. ಆಗಾಗ ತಾನಾಗಿಯೇ ಕಳಚುತ್ತದೆ, ಮತ್ತೆ ಬಂದು ಕೂರುತ್ತದೆ. ಆ ಒಂದು ಸಂದಿನಲ್ಲಿ ಕೆಲವೇ ಕೆಲವು ಬಾಗಿಲುಗಳು, ಕೆಲವು ಕಿಣ್ವಗಳು ತಯಾರಾಗಿಬಿಡುತ್ತವೆ. ಲ್ಯಾಕ್ಟೋಸ್ ಎದುರಾದ ದಿನ ಅಷ್ಟು ಸಾಕು. ಮುಂದೆ ಕಿಣ್ವದ ಪ್ರಮಾಣ ಸುಮಾರು ಸಾವಿರ ಪಟ್ಟು ಏರಬಲ್ಲದು. ಬೀಗ ಪೂರ್ತಿ ಬಿಗಿಯಾಗಿದ್ದಿದ್ದರೆ ಸುತ್ತ ಲ್ಯಾಕ್ಟೋಸ್ ತುಂಬಿದ್ದರೂ ಬ್ಯಾಕ್ಟೀರಿಯಾ ಉಪವಾಸ ಬೀಳುತ್ತಿತ್ತು.

ಬೀಗವಿದೆ ಎಂದು ಮೊನೊ ಮತ್ತು ಫ್ರಾನ್ಸ್ವಾ ಜಾಕೊಬ್ 1961ರಲ್ಲಿ ವಾದಿಸಿದಾಗ ಅದನ್ನು ಯಾರೂ ಬೇರ್ಪಡಿಸಿ ನೋಡಿರಲಿಲ್ಲ. 1965ರಲ್ಲಿ ಆಂಡ್ರೆ ಲ್ವಾಫ್ ಜೊತೆ ಅವರಿಗೆ ನೊಬೆಲ್ ಬಂತು. ರಿಪ್ರೆಸರ್ ಕೈಗೆ ಸಿಕ್ಕಿದ್ದು ಮರುವರ್ಷ, ವಾಲ್ಟರ್ ಗಿಲ್ಬರ್ಟ್ ಮತ್ತು ಬೆನ್ನೊ ಮ್ಯುಲರ್‌-ಹಿಲ್‌ಗೆ. ಒಂದು ಜೀವಕೋಶದಲ್ಲಿ ಅದರ ಅಣುಗಳು ಇರುವುದೇ ಸುಮಾರು ಹತ್ತು.

ಗ್ಲೂಕೋಸ್ ಇದ್ದಾಗಲೋ? ಆಗ ಲ್ಯಾಕ್ಟೋಸಿನ ಬಾಗಿಲೇ ಕೆಲಸ ಮಾಡದಂತೆ ತಡೆ ಬೀಳುತ್ತದೆ. ಗ್ಲೂಕೋಸ್ ಕಡಿಮೆಯಾದರೆ ಸೈಕ್ಲಿಕ್ ಎಎಂಪಿ ಎಂಬ ಪುಟ್ಟ ಅಣು ಹೆಚ್ಚಾಗಿ, ಒಂದು ಪ್ರೋಟೀನಿನ ಜೊತೆಗೂಡಿ ಆ ಜೀನ್‌ಗಳ ಕೆಲಸಕ್ಕೆ ಬಿರುಸು ಕೊಡುತ್ತದೆ. ನಾವು ಉಪವಾಸವಿದ್ದಾಗ ನಮ್ಮ ಪಿತ್ತಜನಕಾಂಗದಲ್ಲಿ ಕೂಡಿಟ್ಟ ಸಕ್ಕರೆ ಹೊರಬರಲು ಸೂಚನೆ ಮುಟ್ಟಿಸುವುದೂ ಇದೇ ಅಣು.